ಬಾಗಿಲ ಬಳಿ ನಿಂತವರು

ಕುಂಕುಮವನ್ನು ತೆಂಗಿನೆಣ್ಣೆಯಲ್ಲಿ ಕಲಸಿದರೆ ಥೇಟ್ ರಕ್ತದ ಹಾಗೆ ಕಾಣುತ್ತದೆ, ಆದರೆ ಬಿಳಿ ಕೋಟಿನಿಂದ ಎಷ್ಟು ಒಗೆದರೂ ಹೋಗುವುದಿಲ್ಲ. 2009ರಲ್ಲಿ ಮೆಡಿಕಲ್ ಕಾಲೇಜಿನ ಮೈದಾನದಲ್ಲಿ ನಡೆದ ಅಣಕು ಕಾರ್ಯಾಚರಣೆಯಲ್ಲಿ ನಾನು ಕಲಿತ ಮೊದಲ ಪಾಠ ಇದು.

ಪಂಪ್‌ವೆಲ್ ಬಳಿ ಗ್ಯಾಸ್ ಟ್ಯಾಂಕರ್ ಉರುಳಿದೆ, ಸಿಟಿ ಬಸ್ಸೊಂದು ಬಂದು ಅದಕ್ಕೆ ಗುದ್ದಿದೆ, ಮೂವತ್ತು ಮಂದಿಗೆ ಗಾಯ. ಸರ್ ಕಟ್ಟಿದ ಕಥೆ ಇಷ್ಟೇ. ಹಗಲು ರಾತ್ರಿ ಟ್ಯಾಂಕರುಗಳು ಓಡಾಡುವ ಮಂಗಳೂರಿನಲ್ಲಿ ಇದನ್ನು ನಂಬುವುದಕ್ಕೆ ಯಾರಿಗೂ ಕಷ್ಟವಾಗಲಿಲ್ಲ. ಜೂನಿಯರುಗಳು ಗಾಯಾಳುಗಳು, ಅಂತಿಮ ವರ್ಷದ ನಾವು ಟ್ರಯಾಜ್ ಮಾಡುವವರು, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವವರು. ಕಿಸೆಯಲ್ಲಿ ಕೆಂಪು, ಹಳದಿ, ಹಸಿರು, ಕಪ್ಪು ಚೀಟಿಗಳು. ಕೆಂಪು ಎಂದರೆ ತಕ್ಷಣ ಚಿಕಿತ್ಸೆ, ಹಳದಿ ಎಂದರೆ ಸ್ವಲ್ಪ ಕಾಯಬಹುದು. ನಡೆಯಬಲ್ಲವರಿಗೆ ಹಸಿರು. ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ ಕೆಂಪು. ಉಗುರು ಒತ್ತಿ ಬಿಟ್ಟ ಮೇಲೆ ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕೆಂಪು. ಹೇಳಿದ ಮಾತನ್ನು ಪಾಲಿಸಲಾಗದಿದ್ದರೂ ಕೆಂಪು. ಶ್ವಾಸದ ದಾರಿ ತೆರೆದ ಮೇಲೂ ಉಸಿರಾಡದಿದ್ದರೆ ಕಪ್ಪು. ಒಬ್ಬರ ಮೇಲೆ ಒಂದು ನಿಮಿಷಕ್ಕಿಂತ ಹೆಚ್ಚು ಕಳೆಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1983ರಲ್ಲಿ ಒಂದು ಆಸ್ಪತ್ರೆಯವರೂ ಅಗ್ನಿಶಾಮಕ ದಳದವರೂ ಸೇರಿ ರೂಪಿಸಿದ ಕ್ರಮವಿದು. ಬಾಯಿಪಾಠ ಸುಲಭ. ನಿಜವಾದ ಕಷ್ಟ ಇರುವುದು ಚೀಟಿ ಕಟ್ಟಿ ಎದ್ದು ಮುಂದಕ್ಕೆ ಹೋಗುವುದರಲ್ಲಿ. ಡ್ರಿಪ್ ಹಾಕಲು ಕೈ ತಾನಾಗಿಯೇ ಚಾಚುತ್ತದೆ.

ಗಾಯಾಳುಗಳಲ್ಲಿ ಒಬ್ಬ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಧಾರಿ. ಕಾಲು ಮುರಿದವನ ಪಾತ್ರ ಕೊಟ್ಟರೆ ಮಹಿಷಾಸುರನ ಅಬ್ಬರವನ್ನೇ ಎಬ್ಬಿಸಿಬಿಟ್ಟ. ನಾವು ಆರು ಜನ ಅವನ ಸುತ್ತ ನೆರೆದೆವು. ಅತ್ತ ಕಾಂಪೌಂಡ್ ಗೋಡೆಗೆ ಒರಗಿ ಒಬ್ಬ ಹುಡುಗಿ ಸುಮ್ಮನೆ ಕೂತಿದ್ದಳು. ಪಾತ್ರ ಸಿಗದೆ ಬೇಸರದಲ್ಲಿ ಕೂತಿದ್ದಾಳೆ ಎಂದುಕೊಂಡೆವು. ಇಪ್ಪತ್ತು ನಿಮಿಷದ ಮೇಲೆ ಸರ್ ಅವಳ ಮಡಿಲಲ್ಲಿದ್ದ ಕಾರ್ಡನ್ನು ಎತ್ತಿ ಓದಿದರು: "ಉಸಿರಾಟ 36." ಮತ್ತೆ ಕೈಗಡಿಯಾರ ನೋಡಿ, "ಇವಳು ತೀರಿಕೊಂಡು ಹತ್ತು ನಿಮಿಷ ಆಯಿತು" ಎಂದರು. ಹುಡುಗಿ ಕಿಸಕ್ಕನೆ ನಕ್ಕಳು. ನಮಗೆ ನಗು ಬರಲಿಲ್ಲ.

ನನ್ನ ಸರದಿಯೂ ಬಂತು. ಅಜ್ಜಿಯ ಪಾತ್ರದಲ್ಲಿದ್ದವಳಿಗೆ ನಾನು ಕೆಂಪು ಚೀಟಿ ಕಟ್ಟಿದ್ದೆ: ಕೈ ಹಿಸುಕಿ ಎಂದರೂ ಹಿಸುಕಿರಲಿಲ್ಲ. "ಯಾವ ಭಾಷೆಯಲ್ಲಿ ಕೇಳಿದೆ?" ಎಂದರು ಸರ್. ಇಂಗ್ಲಿಷಿನಲ್ಲಿ ಎಂದೆ. "ಈ ಅಜ್ಜಿಗೆ ತುಳು ಬಿಟ್ಟು ಬೇರೇನೂ ಬಾರದು. ಅವರ ಮೆದುಳು ಸರಿಯಾಗಿಯೇ ಇದೆ ಮಾರಾಯ, ಕೆಟ್ಟಿರುವುದು ನಿನ್ನ ಪ್ರಶ್ನೆ." ದಾವಣಗೆರೆಯಿಂದ ಬಂದ ನಾನು ಅಂದಿನಿಂದ ಮೆಸ್ಸಿನ ಅಡುಗೆಯವರ ಬೆನ್ನು ಬಿದ್ದು ತುಳು ಕಲಿತೆ. ಈಗಲೂ ನನ್ನ ತುಳುವಿನಲ್ಲಿ ಊಟದ ಪದಗಳೇ ಹೆಚ್ಚು.

2010ರ ಮೇ 22, ಶನಿವಾರ. ಆಗ ನಾನು ಹೌಸ್ ಸರ್ಜನ್. ಬೆಳಗ್ಗೆ ಆರು ದಾಟಿದ ಸ್ವಲ್ಪ ಹೊತ್ತಿಗೆ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಕ್ಯಾಜುವಾಲ್ಟಿಯಲ್ಲಿ ಸ್ಟ್ರೆಚರುಗಳನ್ನು ಸಾಲಾಗಿ ನಿಲ್ಲಿಸಿದೆವು, ಆಮ್ಲಜನಕದ ಸಿಲಿಂಡರುಗಳನ್ನು ಉರುಳಿಸಿ ತಂದೆವು, ರಕ್ತನಿಧಿಗೆ ಹೇಳಿ ಕಳುಹಿಸಿದೆವು. ಚೀಟಿಗಳ ಕಟ್ಟು ನನ್ನ ಕಿಸೆಯಲ್ಲಿತ್ತು. ಕಾದೆವು. ವಿಮಾನದಲ್ಲಿದ್ದ 166 ಜನರಲ್ಲಿ ಬದುಕಿ ಉಳಿದವರು 8 ಮಂದಿ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ನಾನಿದ್ದಷ್ಟು ಹೊತ್ತು ಆ ಬಾಗಿಲಿನಿಂದ ಒಂದೇ ಒಂದು ಸ್ಟ್ರೆಚರ್ ಒಳಗೆ ಬರಲಿಲ್ಲ.

ಬಂದದ್ದು ಹುಡುಕುವವರು. ಕರೆದುಕೊಂಡು ಹೋಗಲು ವಿಮಾನ ನಿಲ್ದಾಣಕ್ಕೆ ಹೋಗಿದ್ದವರು, ಕಾಸರಗೋಡಿನಿಂದ ಜೀಪಿನಲ್ಲಿ ಹೊರಟವರು. ಬ್ಯಾರಿ ಭಾಷೆ, ಮಲಯಾಳಂ, ತುಳು, ಕೊಂಕಣಿ. ಮೊಬೈಲಿನಲ್ಲಿದ್ದ ಫೋಟೊ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದರು. ಒಬ್ಬರು ನನ್ನ ತೋಳು ಹಿಡಿದು ಮಗನ ಫೋಟೊ ತೋರಿಸಿದರು. "ಇಲ್ಲಿಗೆ ಬಂದಿಲ್ಲ" ಎಂದೆ. ಅವರ ಮುಖ ಅರಳಿತು. ಹಾಗಾದರೆ ಬೇರೆ ಆಸ್ಪತ್ರೆಯಲ್ಲಿರಬೇಕು ಎಂದುಕೊಂಡು ಓಡಿದರು. ಅವರ ಹೆಸರನ್ನು ನಾನು ಬರೆದುಕೊಳ್ಳಲಿಲ್ಲ, ಫೋನ್ ನಂಬರನ್ನೂ ಕೇಳಲಿಲ್ಲ. ನಾಲ್ಕು ಬಣ್ಣಗಳಲ್ಲಿ ಯಾವುದೂ ಅವರಿಗೆ ಸಲ್ಲುತ್ತಿರಲಿಲ್ಲ. ಮುಂದೆ ವೆನ್ಲಾಕ್ ಆಸ್ಪತ್ರೆಯ ಶವಾಗಾರದ ಎದುರಿನ ಸಾಲುಗಳು, ಹೈದರಾಬಾದಿನಲ್ಲಿ ನಡೆದ ಡಿಎನ್‌ಎ ಪರೀಕ್ಷೆ. ಕೊನೆಗೂ ಗುರುತು ಸಿಗದ 12 ದೇಹಗಳನ್ನು ಕೂಳೂರಿನ ನದಿ ದಂಡೆಯಲ್ಲಿ ಮಣ್ಣು ಮಾಡಿದರು. ಆ ಕಡೆ ಹೋದಾಗಲೆಲ್ಲ ತೋಳು ಹಿಡಿದ ಆ ಕೈ ನೆನಪಾಗುತ್ತದೆ.

ಇದನ್ನು ಸರ್ ಬಳಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮುಂದಿನ ಅಣಕು ಕಾರ್ಯಾಚರಣೆಯ ದಿನ ನನ್ನನ್ನು ಕರೆಸಿ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ ಕೈಗಿತ್ತರು. "ನೀನು ತಮ್ಮನನ್ನು ಹುಡುಕಿಕೊಂಡು ಬಂದ ಅಣ್ಣ. ಬಾಗಿಲ ಬಳಿ ನಿಲ್ಲು" ಎಂದರು.

ನಿಂತೆ. ಸ್ಟ್ರೆಚರುಗಳು ನನ್ನ ಪಕ್ಕದಿಂದಲೇ ಹೋದವು. "ಸೈಡಿಗೆ ಹೋಗಿ" ಎಂದು ಮೂವರು ಗದರಿದರು. ಸುಮಾರು ಮುಕ್ಕಾಲು ಗಂಟೆಯ ಮೇಲೆ ಮೊದಲ ವರ್ಷದ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಬಂದು, ಕುರ್ಚಿ ಎಳೆದು ನನ್ನನ್ನು ಕೂರಿಸಿ ಕೇಳಿದಳು: "ತಮ್ಮನ ಹೆಸರು ಹೇಳಿ ಅಣ್ಣ."

ಸರ್ ನನಗೆ ಹೆಸರೇ ಕೊಟ್ಟಿರಲಿಲ್ಲ. ತಕ್ಷಣಕ್ಕೆ ಒಂದು ಸುಳ್ಳು ಹೆಸರೂ ಹೊಳೆಯಲಿಲ್ಲ. ನನ್ನ ಸ್ವಂತ ತಮ್ಮನ ಹೆಸರು ಹೇಳಿದೆ. ಅವಳು ಬರೆದುಕೊಂಡಳು.