ಎಣ್ಣೆ ತೆಗೆದು ತೂಗಿದ ಹಡಗು

"ಎಣ್ಣೆ ತೆಗೆದು ತೂಗಿದ್ರಾ? ಎಣ್ಣೆ ಇಲ್ದೆ ಅದು ಹಡಗೇನ್ರೀ?" ಕೆಳಗಿನ ಮನೆ ಅಂಕಲ್ ಮೊನ್ನೆ ಕೇಳಿದ್ದು ಇನ್ನೂ ತಲೆಯಿಂದ ಹೋಗಿಲ್ಲ.

ನೌಕಾಪಡೆಯಲ್ಲಿದ್ದವರು, ವಿರಾಟ್ ಅನ್ನೋ ವಿಮಾನವಾಹಕ ಹಡಗಿನ ಮೇಲೂ ಕೆಲಸ ಮಾಡಿದವರು. ಅಮೆರಿಕ, ಬ್ರಿಟನ್, ಜಪಾನ್ ಮುಂತಾದ ದೇಶಗಳು ತಮ್ಮ ಯುದ್ಧನೌಕೆಗಳಿಗೆ ಮಿತಿ ಹಾಕಿಕೊಂಡ 1922ರ ವಾಷಿಂಗ್ಟನ್ ಒಪ್ಪಂದ ಓದ್ತಿದ್ದೆ, ಸುಮ್ನೆ ಅವರಿಗೂ ಹೇಳಿದೆ. ದೊಡ್ಡ ಯುದ್ಧನೌಕೆ 35,000 ಟನ್ ದಾಟಬಾರದು. 20 ವರ್ಷ ತುಂಬದೆ ಅದರ ಜಾಗಕ್ಕೆ ಹೊಸದು ಬರಬಾರದು. ತೂಕದಲ್ಲಿ ಮದ್ದುಗುಂಡು, ಸಿಬ್ಬಂದಿ, ಅವರ ಊಟ, ಕುಡಿಯೋ ನೀರು ಎಲ್ಲ ಸೇರಿದೆ, ಇಂಧನ ಮಾತ್ರ ಇಲ್ಲ, ಬಾಯ್ಲರಿನ ಮೀಸಲು ನೀರೂ ಇಲ್ಲ.

ಅಂಕಲ್‌ಗೆ ಇದು ತಮಾಷೆ. ನನಗೆ ಹಾಗನಿಸಲಿಲ್ಲ. ಬ್ರಿಟನ್ ಹಡಗು ಅರ್ಧ ಭೂಮಿ ಸುತ್ತಬೇಕು, ಅಮೆರಿಕದ್ದು ಪೆಸಿಫಿಕ್ ದಾಟಬೇಕು, ಎಣ್ಣೆಯನ್ನೂ ತೂಗಿದರೆ ದೂರ ಹೋಗುವವನಿಗೇ ನಷ್ಟ ಅಲ್ವಾ?

ಆದರೆ ಎಲ್ಲಕ್ಕಿಂತ ಜಾಸ್ತಿ ಜಗ್ಗಾಟ ನಡೆದದ್ದು ಜಪಾನಿನ ಮುತ್ಸು ಅನ್ನೋ ಒಂದೇ ಹಡಗಿಗೆ. ಅಮೆರಿಕ ಅದನ್ನು ಗುಜರಿ ಪಟ್ಟಿಗೆ ಹಾಕಿತ್ತು, ಕಟ್ಟಿ ಮುಗಿದಿಲ್ಲ ಅಂತ. ಸಮ್ಮೇಳನ ಶುರುವಾಗಿದ್ದು 1921ರ ನವೆಂಬರ್ 12ಕ್ಕೆ, ಮುತ್ಸು ಸೇವೆಗೆ ಸೇರಿದ್ದು ಅಕ್ಟೋಬರ್ 24ಕ್ಕೆ. ಶಾಲಾ ಮಕ್ಕಳು ಕಾಸು ಕೂಡಿಸಿ ಕೊಟ್ಟ ಹಡಗು ಅನ್ನೋ ಮಾತೂ ಇತ್ತು. ಜಪಾನ್ ಬಿಡಲಿಲ್ಲ. ಕೊನೆಗೆ ಅದನ್ನು ಉಳಿಸೋಕೆ ಅಮೆರಿಕಕ್ಕೆ ಇನ್ನೆರಡು ಹಡಗು ಮುಗಿಸಿಕೊಳ್ಳೋಕೆ ಬಿಟ್ಟರು, ಬ್ರಿಟನ್‌ಗೆ ನೆಲ್ಸನ್, ರಾಡ್ನಿ ಅಂತ ಎರಡು ಹೊಸದಾಗಿ ಕಟ್ಟೋಕೆ ಬಿಟ್ಟರು. ಕಡಿಮೆ ಮಾಡೋಕೆ ಕೂತವರ ಕೆಲಸ ನೋಡಿ.

ಅಮೆರಿಕದ ವಿದೇಶಾಂಗ ಮಂತ್ರಿ ಹ್ಯೂಸ್ ಹಡಗುಗಳನ್ನು ಗುಜರಿಗೆ ಹಾಕೋಣ ಅಂದ ಭಾಷಣವನ್ನು ಎಲ್ಲರೂ ಹೊಗಳ್ತಾರೆ. ಧೈರ್ಯದ ಭಾಷಣ, ಒಪ್ಪೋಣ. ಆದರೆ ಜಪಾನಿನ ಗುಪ್ತ ತಂತಿಗಳನ್ನು ಕದ್ದು ಓದಿ, ಅವರು ಅಮೆರಿಕದ 10ಕ್ಕೆ ತಮ್ಮದು 6 ಅನ್ನೋ ಲೆಕ್ಕಕ್ಕೆ ಇಳೀತಾರೆ ಅಂತ ಗೊತ್ತಿಟ್ಟುಕೊಂಡು ಚೌಕಾಸಿ ಮಾಡೋದು ಅಷ್ಟೇನೂ ಕಷ್ಟ ಅಲ್ಲ. ನನಗೆ ಇಷ್ಟವಾದವರು ಜಪಾನಿನ ನೌಕಾ ಮಂತ್ರಿ ಕಾಟೊ ತೊಮೊಸಾಬುರೊ. ತಮ್ಮದೇ ಅಡ್ಮಿರಲ್‌ಗಳ ಸಿಟ್ಟು ಎದುರಿಸಿ ಸಹಿ ಹಾಕಿದರು. ಭಾರತದ ಪರವಾಗಿ ಶ್ರೀನಿವಾಸ ಶಾಸ್ತ್ರಿಗಳ ಸಹಿಯೂ ಇದೆ, ಪಟ್ಟಿಯಲ್ಲಿ ನಮ್ಮದು ಅಂತ ಒಂದು ಹಡಗೂ ಇಲ್ಲದಿದ್ದರೂ!

20 ವರ್ಷಕ್ಕೆ ಮುದಿ ಅಂದಿದ್ದು ಅಂಕಲ್‌ಗೆ ಸರಿ ಬರಲಿಲ್ಲ. ವಿರಾಟ್ 1959ರಲ್ಲಿ ಬ್ರಿಟನ್ನಿನ ಸೇವೆಗೆ ಸೇರಿ, 1987ರಲ್ಲಿ ನಮ್ಮದಾಗಿ, 2017ರವರೆಗೆ ಇತ್ತು. "ಹಡಗಿಗೆ ವಯಸ್ಸು ಕಾಗದದಲ್ಲಿ ಆಗಲ್ಲ" ಅಂದರು.

ಇಷ್ಟೆಲ್ಲ ಅಳೆದವರು 10,000 ಟನ್ನಿನ ಒಳಗಿನ ಕ್ರೂಸರ್‌ಗಳ, ಅಂದರೆ ಅದಕ್ಕಿಂತ ಚಿಕ್ಕ ಯುದ್ಧನೌಕೆಗಳ, ಸಂಖ್ಯೆಗೆ ಮಿತಿಯನ್ನೇ ಹಾಕಲಿಲ್ಲ. ಎಲ್ಲರೂ ಸರಿಯಾಗಿ ಅಷ್ಟೇ ತೂಕದ್ದನ್ನು ಕಟ್ಟತೊಡಗಿದರು. 1927ರಲ್ಲಿ ಜಿನೀವಾದಲ್ಲಿ ಅದಕ್ಕೇ ಮಾತು ಮುರಿದುಬಿತ್ತು, 1930ರಲ್ಲಿ ಲಂಡನ್ನಿನಲ್ಲಿ ಮತ್ತೆ ಕೂತು ಕ್ರೂಸರ್‌ಗಳನ್ನೂ ಎಣಿಸಬೇಕಾಯಿತು.