ಡೊನಾಲ್ಡ್ ಡಕ್ ನಾಜಿ ಆಗಿದ್ನಾ ಅಂತ ಕೇಳೋರಿಗೆಲ್ಲಾ

ನಾನು ಹೊಟ್ಟೆಪಾಡಿಗೆ ಅನಿಮೇಷನ್ ಮಾಡೋನು ಅಂತ ಗೊತ್ತಾದ್ರೆ ಸಾಕು, ಮದುವೆ ಮನೆ ಪಂಕ್ತೀಲಿ ಕೂತಿದ್ರೂ ಯಾರಾದ್ರೂ ಒಬ್ರು ಫೋನ್ ತೆಗ್ದು ಆ ಫೋಟೋ ತೋರಿಸ್ತಾರೆ. ಡೊನಾಲ್ಡ್ ಡಕ್, ತೋಳಿಗೆ ಸ್ವಸ್ತಿಕ ಪಟ್ಟಿ, ಹಿಟ್ಲರ್‌ಗೆ ಸೆಲ್ಯೂಟ್. "ಇದು ನಿಜಾನಾ, ಎಐ ಅಲ್ವಾ?" ನಿಜ ಅಂದ್ರೆ ಮುಂದಿನದು ರೆಡಿ ಇರುತ್ತೆ, "ಹಂಗಾದ್ರೆ ಡಿಸ್ನಿ ಹಿಟ್ಲರ್ ಕಡೆ ಇದ್ನಾ?" ಅದಕ್ಕೂ ಉತ್ತರ ಕೊಟ್ರೆ, "ಅಲ್ಲಾ, ಮಕ್ಕಳ ಕಾರ್ಟೂನ್‌ಗೆ ಯುದ್ಧದಲ್ಲಿ ಏನ್ ಕೆಲ್ಸ?" ಅನ್ನಕ್ಕೆ ಸಾರು ಬರೋದ್ರೊಳಗೆ ಹೇಳಿ ಮುಗಿಸೋ ಕಥೆ ಅಲ್ಲ ಇದು, ಅದಕ್ಕೇ ಒಂದ್ಸಲ ಕೂತು ಬರೆದುಬಿಡ್ತೀನಿ.

ಫೋಟೋ ನಿಜಾನೇ. ಜನವರಿ 1943ರಲ್ಲಿ ಬಂದ ಡೆರ್ ಫ್ಯೂರರ್ಸ್ ಫೇಸ್ ಅನ್ನೋ ಡಿಸ್ನಿ ಕಾರ್ಟೂನ್‌ದು. ಅದರಲ್ಲಿ ಡೊನಾಲ್ಡ್ ನಾಜಿ ದೇಶದಲ್ಲಿ ಫಿರಂಗಿ ಶೆಲ್ ಮಾಡೋ ಫ್ಯಾಕ್ಟರೀಲಿ ಕೂಲಿ. ಬೆಳಗ್ಗೆ ಮರದ ಹಲಗೆ ಥರ ಇರೋ ಬ್ರೆಡ್ಡನ್ನ ಗರಗಸದಲ್ಲಿ ಕುಯ್ಕೊಂಡು ತಿಂತಾನೆ, ಬಚ್ಚಿಟ್ಟ ಒಂದೇ ಒಂದು ಕಾಫಿ ಬೀಜನ ದಾರಕ್ಕೆ ಕಟ್ಟಿ ಬಿಸಿನೀರಲ್ಲಿ ಅದ್ದಿ ತೆಗೀತಾನೆ (ಕಾಫಿ ನಾಡಿನವರಿಗೆ ಈ ಸೀನ್ ನೋಡಿದ್ರೆ ಕಣ್ಣೀರೇ ಬರುತ್ತೆ), ಆಮೇಲೆ ಬೆಲ್ಟ್ ಮೇಲೆ ಬರೋ ಶೆಲ್‌ಗಳನ್ನ ತಿರುಗಿಸ್ತಾ ನಡುನಡುವೆ ಹಿಟ್ಲರ್ ಫೋಟೋ ಬಂದಾಗೆಲ್ಲಾ ಸೆಲ್ಯೂಟ್ ಹೊಡೀತಾ ಹೊಡೀತಾ ತಲೆ ಕೆಟ್ಟು ಹೋಗುತ್ತೆ. ಕೊನೆಗೆ ಎದ್ದು ನೋಡಿದ್ರೆ ಅಮೆರಿಕದ ತನ್ನ ಮನೆ ಹಾಸಿಗೆ, ಎಲ್ಲಾ ಕೆಟ್ಟ ಕನಸು. ಅಷ್ಟೇ. ಹಿಟ್ಲರ್‌ನ ಗೇಲಿ ಮಾಡೋಕೆ ಮಾಡಿದ ಪಿಚ್ಚರು, ಆಸ್ಕರ್ ಕೂಡ ಬಂತು. ಹಿಂದೆ ಮುಂದೆ ಕತ್ತರಿಸಿ ನಡುವಿನ ಒಂದು ಫ್ರೇಮ್ ಮಾತ್ರ ವಾಟ್ಸಾಪಲ್ಲಿ ಬಿಟ್ರೆ ಯಾರ ಪಿಚ್ಚರನ್ನ ಬೇಕಾದ್ರೂ ಹಿಂಗೇ ಮಾಡಬಹುದು.

ಡಿಸ್ನಿ ಯಾರ ಕಡೆ ಅನ್ನೋದಕ್ಕೂ ಉತ್ತರ ಬಂತಲ್ಲಾ. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿದ್ದ 1941ರ ಡಿಸೆಂಬರಲ್ಲೇ ಸೇನೆ ಬಂದು ಬರ್ಬ್ಯಾಂಕ್‌ನ ಅವರ ಸ್ಟುಡಿಯೋದಲ್ಲಿ ಠಿಕಾಣಿ ಹೂಡ್ತು, ಪಕ್ಕದಲ್ಲೇ ಲಾಕ್‌ಹೀಡ್ ವಿಮಾನ ಫ್ಯಾಕ್ಟರಿ ಇತ್ತು, ಅದರ ಕಾವಲಿಗೆ. ಆ ಲಾಕ್‌ಹೀಡ್‌ಗೆ ಡಿಸ್ನಿಯವರು ಒಂದು ಪಿಚ್ಚರ್ ಮಾಡಿಕೊಟ್ಟಿದ್ರು, ವಿಷಯ ಏನಪ್ಪಾ ಅಂದ್ರೆ ವಿಮಾನದ ಮೈಗೆ ರಿವೆಟ್ (ತಗಡು ಜೋಡಿಸೋ ಮೊಳೆ) ತಲೆ ಮೇಲೆ ಎದ್ದು ಕಾಣದ ಹಂಗೆ ಸಪಾಟಾಗಿ ಹೊಡೆಯೋ ನಾಕು ವಿಧಾನ. ಹಾಡಿಲ್ಲ, ಬಾತುಕೋಳಿ ಇಲ್ಲ, ಬೋರಪ್ಪಾ ಅಂದ್ರೆ ಬೋರು. ಆದ್ರೆ ಮೂರನೇ ಪ್ರಶ್ನೆಗೆ ನಿಜವಾದ ಉತ್ತರ ಇರೋದು ಅದರಲ್ಲೇ ಅಂತೀನಿ ನಾನು. ತಗಡಿನ ಒಳಗೆ ರಿವೆಟ್ ಹೆಂಗೆ ಕೂರುತ್ತೆ ಅಂತ ಯಾವ ಕ್ಯಾಮೆರಾನೂ ತೋರಿಸೋಕಾಗಲ್ಲ, ಪೆನ್ಸಿಲ್ ತೋರಿಸುತ್ತೆ. ಹೊಸದಾಗಿ ಕೆಲಸಕ್ಕೆ ಸೇರಿದೋನಿಗೆ ಹತ್ತು ಪುಟದ ಮ್ಯಾನ್ಯುಯಲ್ ಹೇಳದೇ ಇರೋದನ್ನ ಹತ್ತು ನಿಮಿಷದ ಚಿತ್ರ ಹೇಳಿಬಿಡುತ್ತೆ. (ರಿವೆಟ್ ಅಂದ್ಕೂಡ್ಲೇ ನೆನಪಾಯ್ತು, ನಮ್ಮ ಬೆಂಗಳೂರಲ್ಲಿ 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕೂಡ 1943ರಿಂದ ಅಮೆರಿಕನ್ ಸೇನೆ ಕೈಲೇ ಇತ್ತು, ಅವರ ವಿಮಾನಗಳು ಇಲ್ಲೇ ರಿಪೇರಿ ಆಗ್ತಿದ್ವು.)

ಆ ರಿವೆಟ್ ಪಿಚ್ಚರ್ ನೋಡಿ ಕೆನಡಾದವರು ಆರ್ಡರ್ ಕೊಟ್ರು, ಆಮೇಲೆ ಅಮೆರಿಕದ ಖಜಾನೆ ಇಲಾಖೆ. 1942ರಲ್ಲಿ ಲಕ್ಷಾಂತರ ಜನ ಜೀವಮಾನದಲ್ಲಿ ಮೊದಲ ಸಲ ಇನ್‌ಕಮ್ ಟ್ಯಾಕ್ಸ್ ಕಟ್ಟಬೇಕಿತ್ತು, ಅವರಿಗೆ ಹೇಳೋಕೆ ಟ್ಯಾಕ್ಸ್ ಕಟ್ಟೋ ಒಬ್ಬ ಸಾಮಾನ್ಯನ ಪಾತ್ರ ಮಾಡಿ ಅಂತ ಸಚಿವ ಮಾರ್ಗೆಂಥೌ ಕೇಳಿದ್ರೆ ಡಿಸ್ನಿ ಡೊನಾಲ್ಡ್‌ನ ಕೊಟ್ರು. ಖಜಾನೆಯವರಿಗೆ ಖುಷಿ ಆಗಲಿಲ್ಲ, ಡಿಸ್ನಿಗೆ ಸಿಟ್ಟು ಬಂತು, ಎಂಜಿಎಂ ಸ್ಟುಡಿಯೋ ತನ್ನ ದೊಡ್ಡ ಸ್ಟಾರ್ ಕ್ಲಾರ್ಕ್ ಗೇಬಲ್‌ನ ಕೊಟ್ಟ ಹಂಗೆ ನಾನು ಡೊನಾಲ್ಡ್‌ನ ಕೊಡ್ತಿದೀನಿ ಅಂದ್ರಂತೆ. ಬಿಲ್ಲು 80,000 ಡಾಲರ್, ಅದಕ್ಕೆ ಸಂಸತ್ತಲ್ಲಿ ಜಗಳ. ಬಾತುಕೋಳಿಗೆ ಯಾಕೆ ಇಷ್ಟು ದುಡ್ಡು ಅಂತ.

ಆದ್ರೆ ನನ್ನ ಮೆಚ್ಚಿನವನು ಡೊನಾಲ್ಡ್ ಅಲ್ಲ, ಪ್ರೈವೇಟ್ ಸ್ನಾಫು, ಸೈನಿಕರಿಗೆ ಪಾಠ ಹೇಳೋಕೆ ಮಾಡಿದ ಕಾರ್ಟೂನ್ ಸಿಪಾಯಿ (ಪ್ರೈವೇಟ್ ಅಂದ್ರೆ ಸೇನೇಲಿ ತೀರಾ ಕೆಳಗಿನ ದರ್ಜೆ). 'ಎಲ್ಲಾ ಮಾಮೂಲು, ಅಂದ್ರೆ ಎಲ್ಲಾ ಎಕ್ಕುಟ್ಟೋಗಿದೆ' ಅನ್ನೋ ಅರ್ಥದ ಸೈನಿಕರ ಪೋಲಿ ಮಾತಿನ ಶಾರ್ಟ್‌ಫಾರ್ಮು ಅವನ ಹೆಸರು. 1943ರಿಂದ 45ರ ತನಕ ವಾರ್ನರ್ ಬ್ರದರ್ಸ್‌ನವರು ಮಾಡಿದ್ದು, ಡಿಸ್ನಿಗಿಂತ ಕಮ್ಮಿ ರೇಟಿಗೆ ಒಪ್ಕೊಂಡು. ಉಸ್ತುವಾರಿ ಹಾಲಿವುಡ್‌ನ ದೊಡ್ಡ ನಿರ್ದೇಶಕ ಫ್ರಾಂಕ್ ಕಾಪ್ರಾ, ಬರೆದವರಲ್ಲಿ ಮಕ್ಕಳ ಪುಸ್ತಕಗಳ ಡಾಕ್ಟರ್ ಸ್ಯೂಸ್, ನಿರ್ದೇಶಕರಲ್ಲಿ ಕಾರ್ಟೂನ್ ಲೋಕದ ಹೆಸರುವಾಸಿ ಚಕ್ ಜೋನ್ಸ್, ದನಿ ಬಗ್ಸ್ ಬನ್ನಿ ಅನ್ನೋ ಕಾರ್ಟೂನ್ ಮೊಲಕ್ಕೆ ದನಿ ಕೊಡ್ತಿದ್ದ ಮೆಲ್ ಬ್ಲಾಂಕ್. ಅಂಥಾ ಟೀಮು! ಸೈನಿಕರಿಗೆ ಮಾತ್ರ ತೋರಿಸ್ತಿದ್ರು, ಹಾಲಿವುಡ್‌ನ ಸೆನ್ಸಾರ್ ನಿಯಮ ಲೆಕ್ಕಕ್ಕಿಲ್ಲ, ಅದಕ್ಕೇ ದ್ವಂದ್ವಾರ್ಥ, ಅರೆಬೆತ್ತಲೆ ಹುಡುಗೀರು, ಬೈಗುಳ ಎಲ್ಲಾ ಧಾರಾಳ.

ಐಡಿಯಾ ಇಷ್ಟೇ, ಸೈನಿಕ ಮಾಡಬಾರದ್ದನ್ನೆಲ್ಲಾ ಸ್ನಾಫು ಮಾಡ್ತಾನೆ. ಸ್ಪೈಸ್ ಅನ್ನೋದರಲ್ಲಿ ಅವನಿಗೊಂದು ಗುಟ್ಟು ಗೊತ್ತು, ಹಡಗು ಯಾವಾಗ ಎಲ್ಲಿಗೆ ಹೊರಡುತ್ತೆ ಅಂತ. ಯಾರಿಗೂ ಹೇಳಲ್ಲ ಅಂತಾನೆ. ಫೋನಲ್ಲಿ ಅಮ್ಮನ ಹತ್ರ ಒಂಚೂರು, ಅಲ್ಲೊಂಚೂರು, ಇಲ್ಲೊಂಚೂರು, ಕುಡಿದ ಮೇಲೆ ಪಕ್ಕದಲ್ಲಿ ಕೂತ ಸುಂದರಿ ಹತ್ರ ಉಳಿದಿದ್ದೆಲ್ಲಾ. ಚೂರುಗಳು ಒಟ್ಟಾಗಿ ಶತ್ರು ಕೈ ಸೇರುತ್ತೆ, ಹಡಗು ಮುಳುಗುತ್ತೆ, ಸ್ನಾಫು ಸೀದಾ ನರಕಕ್ಕೆ. ನನ್ನ ಗುಟ್ಟು ಹೇಳಿದ ಮುಟ್ಠಾಳ ಯಾರು ಅಂತ ಅಲ್ಲೂ ಕೇಳ್ತಾನೆ, ಅವನ ಕೈಗೆ ಕನ್ನಡಿ ಕೊಡ್ತಾರೆ, ಅದರಲ್ಲಿ ಕಾಣೋದು ಕುದುರೆಯ ಹಿಂಭಾಗ. ಬಾಯಿ ಮುಚ್ಕೊಂಡಿರಿ ಅಂತ ಕ್ಯಾಪ್ಟನ್ ನೂರು ಸಲ ಲೆಕ್ಚರ್ ಕೊಟ್ರೂ ಕೇಳದ ಇಪ್ಪತ್ತರ ಹುಡುಗ್ರು ಇದನ್ನ ನೋಡಿ ನಗ್ತಾ ನಗ್ತಾ ತಮ್ಮ ಮುಖಾನೇ ನೋಡ್ಕೊಂಡಿರ್ತಾರೆ. ಮಲೇರಿಯಾಕ್ಕೂ ಹಿಂಗೇ, ಪೆಸಿಫಿಕ್ ದ್ವೀಪಗಳಲ್ಲಿ ಸೊಳ್ಳೆನೂ ಒಂದು ದೊಡ್ಡ ಶತ್ರುನೇ, ಅಟಾಬ್ರಿನ್ ಮಾತ್ರೆ ಕಹಿ, ಮೈ ಹಳದಿ ಆಗುತ್ತೆ, ಗಂಡಸ್ತನ ಹೋಗುತ್ತೆ ಅಂತ ಗಾಳಿಸುದ್ದಿ ಬೇರೆ, ಹುಡುಗ್ರು ನುಂಗ್ತಿರಲಿಲ್ಲ. ಅವರಿಗೆ ಸೊಳ್ಳೆನೇ ಸ್ನಾಫುನ ಬೇಟೆಯಾಡೋದನ್ನ ತೋರಿಸಿದ್ರು.

ಇಷ್ಟು ವರ್ಷ ಇವನ್ನ ನೋಡಿ ನನಗೆ ಅನ್ಸಿದ್ದು, ತಮ್ಮವರನ್ನ ನೋಡಿ ನಕ್ಕ ಯುದ್ಧದ ಕಾರ್ಟೂನ್‌ಗಳು ಇವತ್ತಿಗೂ ಉಳ್ಕೊಂಡಿವೆ, ಎದುರಾಳಿ ಮುಖ ಬರೆದವು ಕೊಳೆತು ನಾರ್ತವೆ. 1944ರಲ್ಲಿ ಬಗ್ಸ್ ಬನ್ನಿ ಒಂದು ದ್ವೀಪದಲ್ಲಿ ಜಪಾನಿ ಸೈನಿಕರಿಗೆ ಐಸ್‌ಕ್ರೀಮ್ ಒಳಗೆ ಗ್ರೆನೇಡ್ ಇಟ್ಟು ಹಂಚ್ತಾನೆ. ಎಲ್ಲಾ ಜಪಾನಿಗಳಿಗೂ ಒಂದೇ ಕನ್ನಡಕ, ಒಂದೇ ಉಬ್ಬು ಹಲ್ಲು. ಜರ್ಮನ್ನರಿಗಾದ್ರೆ ಹಿಟ್ಲರ್, ಅವನ ಬಂಟ ಗೋರಿಂಗ್ ಅಂತ ಆಯ್ದು ಗೇಲಿ ಮಾಡ್ತಿದ್ರು, ಜಪಾನಿಗಳಿಗೆ ಇಡೀ ಜನಾಂಗಕ್ಕೇ. ಅದೇ ಕಾಲಕ್ಕೆ ಅಮೆರಿಕದಲ್ಲೇ ಇದ್ದ ಸುಮಾರು 1,20,000 ಜಪಾನಿ ಮೂಲದವರನ್ನ ಮುಳ್ಳುತಂತಿ ಕ್ಯಾಂಪಿಗೆ ಹಾಕಿದ್ರು, ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದೋರು. ಸ್ನಾಫು ಕೂಡ ಇದರಿಂದ ತಪ್ಪಿಸ್ಕೊಂಡಿಲ್ಲ, ಮೇಲೆ ಹೊಗಳಿದ ಸ್ಪೈಸ್‌ನಲ್ಲೂ ಆ ಹಲ್ಲು ಕನ್ನಡಕ ಇದೆ.

ನನ್ನ ಈ ಲೆಕ್ಕಾಚಾರಕ್ಕೆ ಸಿಗದೇ ಕೈ ಕೊಡೋದು ಒಂದೇ ಪಿಚ್ಚರು, ಅದು ಜಪಾನಿನದ್ದೇ. ಮೊಮೊತಾರೋ, ಸಮುದ್ರದ ಪವಿತ್ರ ಸೈನಿಕರು. ಅಲ್ಲಿನ ನೌಕಾಪಡೆ ದುಡ್ಡಲ್ಲಿ ಮಿತ್ಸುಯೋ ಸೆಯೋ ಮಾಡಿದ್ದು, 74 ನಿಮಿಷ, ಜಪಾನಿನ ಮೊದಲ ಫುಲ್ ಲೆಂತ್ ಅನಿಮೇಷನ್. ಸೈನಿಕರೆಲ್ಲಾ ಮುದ್ದು ಕರಡಿ, ಕೋತಿ, ನಾಯಿ. ಬ್ರಿಟಿಷರಿಗೆ ತಲೆ ಮೇಲೆ ಕೊಂಬು. ಸುಳ್ಳು ಪ್ರಚಾರ ಅಂತ ಗೊತ್ತಿದ್ರೂ ಕುಶಲ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ, ಗಾಳೀಲಿ ತೇಲೋ ದಂಡೇಲಿಯನ್ ಹೂವಿನ ಬೀಜ ನೋಡನೋಡ್ತಾ ಪ್ಯಾರಾಚೂಟ್ ಆಗೋ ಒಂದು ಜಾಗ ಇದೆ, ಹಂಗೆ ಒಂದು ಶಾಟ್ ನಾನು ಮಾಡಿದ್ರೆ ಕೆಲಸ ಬಿಟ್ಟು ಆರಾಮಾಗಿ ಊರಿಗೆ ಹೋಗ್ತಿದ್ದೆ. ಅದು ರಿಲೀಸ್ ಆಗಿದ್ದು ಏಪ್ರಿಲ್ 1945ರಲ್ಲಿ, ಊರುಗಳೆಲ್ಲಾ ಬಾಂಬಿಗೆ ಸುಟ್ಟು, ಮಕ್ಕಳನ್ನ ಹಳ್ಳಿಗಳಿಗೆ ಕಳಿಸಿಯಾಗಿತ್ತು, ನೋಡೋಕೆ ಮಕ್ಕಳೇ ಇಲ್ಲ. ಒಸಾಕಾದ ಖಾಲಿ ಥಿಯೇಟರಲ್ಲಿ ಕೂತು ನೋಡಿದ 16ರ ಹುಡುಗನೊಬ್ಬ ಅತ್ತುಬಿಟ್ಟ, ನಾನೂ ಇಂಥದ್ದು ಮಾಡ್ತೀನಿ ಅಂದ್ಕೊಂಡ. ಅವನೇ ಒಸಾಮು ತೆಝುಕಾ, ಆಸ್ಟ್ರೋ ಬಾಯ್ ಮಾಡಿದೋನು.

ಆ ಪಿಚ್ಚರಿನ ಕೊನೇಲಿ ಯುದ್ಧ ಗೆದ್ದಾಗಿದೆ, ಹಳ್ಳೀಲಿ ಪುಟಾಣಿಗಳೆಲ್ಲಾ ಪ್ಯಾರಾಚೂಟ್ ಆಟ ಆಡ್ತಾ ಮರದ ಮೇಲಿಂದ ಒಬ್ಬೊಬ್ಬರಾಗಿ ಕೆಳಗೆ ಹಾರ್ತಾರೆ. ಕೆಳಗೆ ನೆಲದ ಮೇಲೆ, ನಮ್ಮ ಕಡೆ ಮಕ್ಕಳು ಕುಂಟೆಬಿಲ್ಲೆಗೆ ಮನೆ ಬರ್ಕೊಳ್ಳೋ ಹಂಗೆ, ಅಮೆರಿಕದ ಮ್ಯಾಪ್ ಬರೆದಿರುತ್ತೆ.