‘ಜನರನ್ನು ಒಪ್ಪಿಸುವುದು ಹೇಗೆ?’ ಎಂದು ಕೇಳುವವರಿಗೆ

ಬೆಂಗಳೂರಿನಲ್ಲಿ ರಸ್ತೆ, ಬಸ್ಸು, ಫುಟ್‌ಪಾತ್‌ಗಳ ಯೋಜನೆಗಳಿಗಾಗಿ ಬಡಾವಣೆಗಳಲ್ಲಿ ಸಾರ್ವಜನಿಕ ಸಭೆ ನಡೆಸಿಕೊಡುವುದು ನನ್ನ ಹೊಟ್ಟೆಪಾಡು. ಇದು ತಿಳಿದ ಕೂಡಲೇ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರಿಂದ ಹಿಡಿದು ಇಲಾಖೆಯ ಎಂಜಿನಿಯರ್‌ಗಳವರೆಗೆ ಎಲ್ಲರೂ ಕೇಳುವುದು ಒಂದನ್ನೇ: ‘ಈ ಜನರನ್ನು ಒಪ್ಪಿಸುವುದು ಹೇಗೆ?’ ಹೋಳಿಗೆಯ ಮೇಲೆ ತುಪ್ಪ ಬೀಳುವಷ್ಟರಲ್ಲಿ ಹೇಳಿ ಮುಗಿಸಬಹುದಾದ ಒಂದು ಸಭ್ಯ ಉತ್ತರವನ್ನು ಬಹಳ ವರ್ಷ ಇಟ್ಟುಕೊಂಡಿದ್ದೆ. ಅದು ನನಗೇ ಸಾಕಾಗಿದೆ.

ಮೊದಲನೆಯದಾಗಿ, ಆ ಕ್ರಿಯಾಪದವೇ ಸರಿಯಿಲ್ಲ. ನಾವು ಮೇಷ್ಟರಿಗೆ ಪಾಠ ಒಪ್ಪಿಸುತ್ತೇವೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ, ಹಟ ಹಿಡಿದ ಮಗನನ್ನು ಮದುವೆಗೆ ಒಪ್ಪಿಸುತ್ತೇವೆ; ಮೂರರಲ್ಲೂ ತೀರ್ಮಾನ ಮೊದಲೇ ಆಗಿಹೋಗಿರುತ್ತದೆ. ಡಿಪಿಆರ್, ಅಂದರೆ ಯೋಜನೆಯ ಸವಿವರ ವರದಿ, ಸಿದ್ಧವಾದ ಮೇಲೆ, ಕೆಲಸದ ದಿನ ಬೆಳಿಗ್ಗೆ 11 ಗಂಟೆಗೆ, ಇಂಗ್ಲಿಷಿನಲ್ಲಿರುವ ನಕ್ಷೆಯನ್ನು ಗೋಡೆಗೆ ಅಂಟಿಸಿ ‘ಸಲಹೆ ಕೊಡಿ’ ಎನ್ನುವ ಸಭೆಯೂ ಅದೇ ಜಾತಿಯದು. ಅಂಥ ಸಭೆಗೆ ನಿವೃತ್ತರು ಮಾತ್ರ ಬಂದರೆಂದು ಆಮೇಲೆ ನಗುವವರೂ ಅದೇ ಎಂಜಿನಿಯರ್‌ಗಳು.

‘ನಮ್ಮವರು ಎಲ್ಲದಕ್ಕೂ ಬೇಡ ಅನ್ನುತ್ತಾರೆ ಸಾರ್’ ಎಂಬುದು ಇದರ ಬಾಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು 800ಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕೆಂದು ಗೊತ್ತಾದಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ಮಂದಿ ರಸ್ತೆಯುದ್ದಕ್ಕೂ ಮಾನವ ಸರಪಳಿ ಕಟ್ಟಿ ‘ಬೇಡ’ ಎಂದದ್ದು ನಿಜ. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಆದರೆ ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಎಂದು ಕೂಗಿದವರೂ ಇದೇ ಊರಿನವರೇ. ‘ಬೇಡ’ವನ್ನು ಮಾತ್ರ ನೆನಪಿಟ್ಟುಕೊಳ್ಳುವುದು ಕೇಳಿದವರ ಕಿವಿಯ ದೋಷ.

ಇಷ್ಟು ಬೀಗಿದ ಮೇಲೆ ನನ್ನದೊಂದು ಕಥೆಯನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ, ಊರಿನ ದಕ್ಷಿಣ ಭಾಗದ ಒಂದು ವಾರ್ಡಿನಲ್ಲಿ, ಬಸ್ ನಿಲ್ದಾಣವನ್ನು ವೃತ್ತದಿಂದ ಆಚೆಗೆ ಸರಿಸುವ ಬಗ್ಗೆ ಸಭೆ ಕರೆದಿದ್ದೆವು. ನಿಲ್ದಾಣ ವೃತ್ತಕ್ಕೆ ಅಂಟಿಕೊಂಡಿದ್ದರೆ ನಿಂತ ಬಸ್ಸಿನ ಹಿಂದೆ ವಾಹನಗಳು ಸಾಲುಗಟ್ಟುತ್ತವೆ ಎಂಬ, ಲೆಕ್ಕದಲ್ಲಿ ಸರಿಯಾಗಿಯೇ ಇದ್ದ ವಾದವನ್ನು ನಾನು ಚಿತ್ರಸಹಿತ ಒಪ್ಪಿಸಿದೆ. ಹಿಂದಿನ ಸಾಲಿನಲ್ಲಿ ಹೂವಿನ ಬುಟ್ಟಿಯೊಂದಿಗೆ ಕುಳಿತಿದ್ದ ಅಮ್ಮ ಎದ್ದು ಕೇಳಿದರು: ‘ಹೋದ ಸಲಾನೂ ಬರ್ಕೊಂಡು ಹೋದ್ರಲ್ಲ ಸಾರ್, ಅದೇನಾಯ್ತು?’ ಹಿಂದಿನ ಸಲ ಬಂದವರು ಬೇರೆ ಯಾರೋ ಇರಬೇಕು ಎಂದೆ. ‘ಇಲ್ಲ, ನೀವೇ ಬಂದಿದ್ರಿ. ಇದೇ ಚೀಲ.’

ಚೀಲವನ್ನು ಮೇಜಿನ ಕೆಳಗೆ ಸರಿಸಿದೆ. ಅದರಿಂದೇನೂ ಉಪಯೋಗವಾಗಲಿಲ್ಲ.

ಮನೆಗೆ ಬಂದು ಹಳೆಯ ವರದಿ ತೆಗೆದು ನೋಡಿದೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಇಳಿಯುವ ಹೆಣ್ಣುಮಕ್ಕಳು ವೃತ್ತದಿಂದಾಚೆ ಕತ್ತಲೆಯಲ್ಲಿ ನಡೆಯಬೇಕಾಗುತ್ತದೆ ಎಂದು ಆಕೆ ಆಗಲೇ ಹೇಳಿದ್ದರು. ಅನುಬಂಧದ ಕೋಷ್ಟಕದಲ್ಲಿ ಅದು ‘ಮಹಿಳಾ ಸುರಕ್ಷತೆ ಕುರಿತ ಸಲಹೆಗಳು: 1’ ಎಂದಾಗಿತ್ತು. ಆ ಕೋಷ್ಟಕ ಮಾಡಿದವನು ನಾನೇ. ಇಲಾಖೆಯವರು ಅದನ್ನು ಓದಲಿಲ್ಲ ಎಂದು ಬೈದುಕೊಳ್ಳಬಹುದಿತ್ತು, ಬೈದುಕೊಂಡೆ ಕೂಡ. ಆದರೆ ಓದಿದ್ದರೂ ಅವರಿಗೆ ಸಿಗುತ್ತಿದ್ದುದು ‘1’ ಎಂಬ ಅಂಕಿ ಮಾತ್ರ.

ಆದ್ದರಿಂದ ದಯವಿಟ್ಟು ಒಪ್ಪಿಸುವ ಉಪಾಯ ಕೇಳಬೇಡಿ. ‘ಜನ ಹೇಳಿದ್ದಕ್ಕೆ ಮರುಉತ್ತರ ಬರೆಯುವುದು ಯಾರ ಕೆಲಸ?’ ಎಂದು ಕೇಳಿ, ಆಗ ನಾನೂ ಎಲೆಯ ಮುಂದೆ ನೆಟ್ಟಗೆ ಕುಳಿತುಕೊಳ್ಳುತ್ತೇನೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2031ರ ಪರಿಷ್ಕೃತ ಮಹಾ ಯೋಜನೆಯ ಕರಡನ್ನು 2017ರ ನವೆಂಬರ್‌ನಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಿದಾಗ, ಸಾವಿರಾರು ಮಂದಿ ಹಾಳೆಗಟ್ಟಲೆ ಬರೆದು ಕೊಟ್ಟರು. ಕೊನೆಗೆ ಕರಡನ್ನೇ ಹಿಂದಕ್ಕೆ ಪಡೆಯಲಾಯಿತು; ಊರು ಮಾತ್ರ 2007ರಲ್ಲಿ ಅನುಮೋದನೆಯಾಗಿದ್ದ, 2015ಕ್ಕೆಂದು ಮಾಡಿದ್ದ ಯೋಜನೆಯ ಮೇಲೆಯೇ ಇನ್ನೂ ವರ್ಷಗಟ್ಟಲೆ ನಡೆಯಿತು. ಇನ್ನು ವಾರ್ಡಿನ ಮಟ್ಟದಲ್ಲಿ ಉತ್ತರ ಕೊಡಬೇಕಾದ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆಯೇ ಆಗಲಿಲ್ಲ. ಇಷ್ಟಾದರೂ ಜನ ಸಭೆಗೆ ಬರುತ್ತಾರಲ್ಲ ಎಂದು ನನಗೆ ಆಶ್ಚರ್ಯವಾದರೆ, ಕೇಳುವವರಿಗೆ ಅವರು ಒಪ್ಪುವುದಿಲ್ಲವಲ್ಲ ಎಂದು ಆಶ್ಚರ್ಯ.

ಈಗ ನನ್ನ ಸಭೆಗಳಲ್ಲಿ ಮೊದಲ ಅರ್ಧ ಗಂಟೆ ಹಳೆಯ ಪಟ್ಟಿಗೆ ಮೀಸಲು: ಯಾರು ಏನು ಹೇಳಿದ್ದರು, ಆಯಿತೇ, ಆಗದಿದ್ದರೆ ಏಕೆ ಎಂದು ಗಟ್ಟಿಯಾಗಿ ಓದುತ್ತೇನೆ. ಅದೇ ವಾರ್ಡಿಗೆ ಮೂರನೆಯ ಬಾರಿ ಹೋದಾಗ ‘ನಿಲ್ದಾಣದ ಬಳಿ ದೀಪ: ಆಗಿಲ್ಲ. ಕಾರಣ: ಇಲಾಖೆ ತಿಳಿಸಿಲ್ಲ’ ಎಂದು ಓದಿದೆ. ಇಲಾಖೆಯ ಪರವಾಗಿ ಬಂದಿದ್ದವರು ಮೊಬೈಲ್ ನೋಡತೊಡಗಿದರು. ಹೂವಿನ ಅಮ್ಮ ಮಾತ್ರ ಕೈಯೆತ್ತಿ, ‘ಪೂರ್ತಿ ಓದಿ ಸಾರ್, ನಾನು ಮೂರು ಹೇಳಿದ್ದೆ’ ಎಂದರು.

ನನ್ನ ಪಟ್ಟಿಯಲ್ಲಿ ಇದ್ದದ್ದು ಅದೊಂದೇ.